ಮಂಗಳವಾರದ ಅಳತೆ

ಇಂದುಮತಿ ಬಳಿಗೇರ ಅವರ ಎಡಗಂಕುಳಿನ ಕೆಳಗೆ, ಚರ್ಮದಡಿಯಲ್ಲಿ, ಜೋಳದ ಕಾಳಿನಷ್ಟು ದೊಡ್ಡ ಸಾಧನವೊಂದಿತ್ತು. ಅದಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಆಸ್ಪತ್ರೆಯವರು ಅಂಗೈ ಅಗಲದ ಯಂತ್ರವನ್ನು ಮೇಲೆ ಹಿಡಿದಾಗ ಎಚ್ಚರಗೊಂಡು, ಒಂದು ಅಂಕಿ ಹೇಳಿ, ಮತ್ತೆ ಸುಮ್ಮನಾಗುತ್ತಿತ್ತು. ಗೆಡ್ಡೆ ಎಷ್ಟು ಬೆಳೆದಿದೆ ಎಂಬುದನ್ನು ಸ್ಕ್ಯಾನ್ ತೋರಿಸುತ್ತದೆ, ಆದರೆ ಬೆಳೆದ ಮೇಲೆ. ಈ ಕಾಳು ತಿಳಿಸುತ್ತಿದ್ದುದು ಅದಕ್ಕೂ ಮೊದಲಿನ ಸುದ್ದಿಯನ್ನು: ಬೆಳೆಯಬೇಕೆಂಬ ಆಜ್ಞೆ ಗೆಡ್ಡೆಯ ಜೀವಕೋಶಗಳೊಳಗೆ ಆ ಗಳಿಗೆಯಲ್ಲಿ ಹರಿಯುತ್ತಿದೆಯೇ, ನಿಂತಿದೆಯೇ.

ಅಂಕಿ ನಲವತ್ತರ ಕೆಳಗಿದ್ದರೆ ಪ್ರಯೋಗದಲ್ಲಿದ್ದ ಹೊಸ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ಸತತ ಮೂರು ವಾರ ನಲವತ್ತು ದಾಟಿದರೆ ಗೆಡ್ಡೆ ಔಷಧಕ್ಕೆ ಬಗ್ಗದಂತಾಗಿದೆ ಎಂದರ್ಥ. ಅಂಥ ರೋಗಿಯನ್ನು ಪ್ರಯೋಗದಿಂದ ಕೈಬಿಟ್ಟು, ಆಕೆಯ ಪಾಲಿನ ಗುಳಿಗೆಯನ್ನು ಕಾಯುತ್ತಿರುವ ಮುಂದಿನವರಿಗೆ ಕೊಡಲಾಗುತ್ತಿತ್ತು. ಕೈಬಿಡುವ ತೀರ್ಮಾನ ಮನುಷ್ಯರದಲ್ಲ. ಹಿಂದಿನ ಪ್ರಯೋಗಗಳಲ್ಲಿ ವೈದ್ಯರು ತಮಗೆ ಬೇಕಾದವರನ್ನು ಉಳಿಸಿಕೊಂಡರೆಂಬ ದೂರುಗಳಿದ್ದವು. ಆದ್ದರಿಂದ ಹನ್ನೆರಡು ಊರುಗಳ ಅಂಕಿಗಳನ್ನು ಒಂದೇ ಕಂಪ್ಯೂಟರ್ ಪ್ರೋಗ್ರಾಂ ನೋಡುತ್ತಿತ್ತು, ಒಂದೇ ನಿಯಮದಿಂದ ತೀರ್ಪು ಕೊಡುತ್ತಿತ್ತು. ರೋಗಿಗೆ ಮೇಲ್ಮನವಿಯ ಅವಕಾಶ ಇರಲಿಲ್ಲ.

ಹುಬ್ಬಳ್ಳಿ ಕೇಂದ್ರದಲ್ಲಿ ಅಳತೆಯ ದಿನ ಮಂಗಳವಾರ. ಶ್ರಾವಣದ ಮೊದಲ ಮಂಗಳವಾರ ಇಂದುಮತಿಯವರ ಅಂಕಿ ಐವತ್ಮೂರು ಬಂದಿತ್ತು. ಎರಡನೆಯ ಮಂಗಳವಾರ ಐವತ್ತೆಂಟು.

"ಇನ್ನೊಂದು ವಾರ ಐತ್ರಿ, ಮೇಡಮ್," ಎಂದರು ಡಾಕ್ಟರ್ ಫರ್ಹಾನಾ ಮುಲ್ಲಾ. ಕೇಂದ್ರದ ಸಂಶೋಧಕಿ ಅವರೇ, ರೋಗಿಗಳಿಗೆ ಸುದ್ದಿ ಹೇಳಬೇಕಾದವರೂ ಅವರೇ. "ಮುಂದಿನ ವಾರಾನೂ ನಲವತ್ತು ದಾಟಿತಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ."

"ಆಷಾಢದಾಗ ಇಪ್ಪತ್ತರ ಆಸುಪಾಸು ಇತ್ತಲ್ರಿ. ಒಮ್ಮೆಲೆ ಹ್ಯಾಂಗ ಜಿಗೀತು?"

"ಗೆಡ್ಡಿ ಜಾತೀನ ಹಂಗ. ಒಂದು ದಾರಿ ಬಂದ್ ಮಾಡಿದ್ರ ಇನ್ನೊಂದು ಹುಡುಕತೈತಿ. ಅದರಾಗ ನಮ್ಮ ಕಡೆ ಗೆಡ್ಡಿಗೋಳು ಜಾಸ್ತಿ ಹಟಮಾರಿ."

"ನಮ್ಮ ಕಡೆ ಮಂದೀನ ಹಂಗ. ಗೆಡ್ಡಿ ಬ್ಯಾರೆ ಎಲ್ಲಿಂದ ಬರಬೇಕು?"

ಫರ್ಹಾನಾ ನಕ್ಕರು, ಆದರೆ ಹಟಮಾರಿ ಎಂದು ಅವರು ಹೇಳಿದ್ದು ತಮಾಷೆಗಲ್ಲ. ಉಳಿದ ಕೇಂದ್ರಗಳಿಗಿಂತ ಹುಬ್ಬಳ್ಳಿಯಲ್ಲಿ ಕೈಬಿಟ್ಟವರ ಪ್ರಮಾಣ ಮೂರು ಪಟ್ಟು ಹೆಚ್ಚಿತ್ತು. ಈ ಭಾಗದ ಹೆಂಗಸರ ಗೆಡ್ಡೆಗಳಲ್ಲಿ ಬೇರೆ ಯಾವುದೋ ಜೀನ್ ವ್ಯತ್ಯಾಸ ಇರಬೇಕೆಂದು ಪ್ರಯೋಗ ನಡೆಸುವ ಬೆಂಗಳೂರಿನ ಸಮಿತಿ ಊಹಿಸಿ, ಲೇಖನವೊಂದನ್ನೂ ಸಿದ್ಧಪಡಿಸುತ್ತಿತ್ತು. ಫರ್ಹಾನಾ ನಾಲ್ಕು ತಿಂಗಳಿಂದ ಆ ವ್ಯತ್ಯಾಸವನ್ನೇ ಹುಡುಕುತ್ತಿದ್ದರು. ಸಿಕ್ಕಿರಲಿಲ್ಲ.

ಸಿಕ್ಕಿದ್ದ ವ್ಯತ್ಯಾಸ ಎಲ್ಲರಿಗೂ ಗೊತ್ತಿದ್ದದ್ದೇ. ಸ್ತನದ ಜೀವಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಗ್ರಾಹಿಗಳಿರುತ್ತವೆ. ಬೆಳೆಯಬೇಕೆಂಬ ಸಂದೇಶ ಬಂದರೆ ಅವು ಅದನ್ನು ಒಳಗಿನ ಒಂದು ಪ್ರೋಟೀನಿಗೆ ದಾಟಿಸುತ್ತವೆ, ಅದು ಮುಂದಿನದಕ್ಕೆ. ಈ ಸರಪಳಿಯ ಒಂದು ಕೊಂಡಿಯ ಹೆಸರು ಪಿಐ3ಕೆ. ಇಂದುಮತಿಯವರ ಗೆಡ್ಡೆಯಲ್ಲಿ, ಆ ಕೊಂಡಿಯನ್ನು ರೂಪಿಸುವ ಜೀನ್‌ನ ಒಂದು ಅಕ್ಷರ ಬದಲಾಗಿತ್ತು. ಹೀಗಾಗಿ ಹೊರಗಿನಿಂದ ಸಂದೇಶ ಬರಲಿ ಬಿಡಲಿ, ಕೊಂಡಿ ಸದಾ ಚಾಲೂ ಇರುತ್ತಿತ್ತು. ಹೊಸ ಗುಳಿಗೆ ಹೋಗಿ ಕೂರುತ್ತಿದ್ದುದು ಅದರ ಮೇಲೆಯೇ. ಕಾಳು ಅಳೆಯುತ್ತಿದ್ದುದು ಅದರ ಮುಂದಿನ ಕೊಂಡಿಗೆ ಸಂದೇಶ ತಲುಪಿತೇ ಎಂಬುದನ್ನು.

ಇಂದುಮತಿ ಧಾರವಾಡದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ವಯಸ್ಸು ನಲವತ್ತೇಳು. ಜಿಲ್ಲಾ ಮಟ್ಟದ ಕಬಡ್ಡಿ ಪಂದ್ಯಗಳಿಗೆ ರೆಫ್ರಿ. ಐದು ವರ್ಷದ ಹಿಂದೆ ಎಡ ಸ್ತನ ತೆಗೆಸಿಕೊಂಡು, ಹಾರ್ಮೋನ್ ಗುಳಿಗೆ ನುಂಗುತ್ತ ಕೆಲಸಕ್ಕೆ ಮರಳಿದ್ದರು. ರೋಗ ಕಂಕುಳಿಗೂ ಒಂದು ಪಕ್ಕೆಲುಬಿಗೂ ಮರಳಿ ಬಂದಾಗ ಹಾರ್ಮೋನ್ ಗುಳಿಗೆ ಸೋತಿತ್ತು. ಉಳಿದಿದ್ದುದು ಈ ಪ್ರಯೋಗ. ಇದರಿಂದ ಕೈಬಿಟ್ಟರೆ ಹಳೆಯ ಕೀಮೋ, ಅದೂ ಎಷ್ಟು ದಿನ ತಡೆದೀತೆಂದು ಯಾರೂ ಹೇಳುತ್ತಿರಲಿಲ್ಲ.

ಕೈಬಿಟ್ಟವರನ್ನು ಅವರು ನೋಡಿದ್ದರು. ಹಿಂದಿನ ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ನವಲಗುಂದದ ಸಾವಂತ್ರವ್ವ ತನ್ನ ಗುಳಿಗೆ ಡಬ್ಬಿಯನ್ನು ನರ್ಸಿನ ತಟ್ಟೆಯಲ್ಲಿಟ್ಟು, "ಹಂಗಾರ ಬರತೇನ್ರೆವಾ," ಎಂದು ಎಲ್ಲರಿಗೂ ಕೈಮುಗಿದು ಹೋಗಿದ್ದಳು, ಮದುವೆ ಮನೆಯಿಂದ ಹೊರಟವಳಂತೆ.

"ಡಾಕ್ಟರ್ರ, ಒಂದು ಮಾತು," ಎಂದರು ಇಂದುಮತಿ. "ಒಬ್ಬಾಕಿ ಆಟಗಾರ್ತಿನ್ನ ವಾರಕ್ಕೊಮ್ಮೆ ಒಂದ ಗಳಿಗಿ ಕಣ್ಣು ತೆರೆದು ನೋಡಿ ಔಟ್ ಅಂದ್ರ ಅಂಥಾ ರೆಫ್ರಿನ್ನ ನಾವು ಊರಾಗ ಇಟಗೊಳ್ಳೂದಿಲ್ಲ. ಉಳಿದ ದಿನ ಈ ಕಾಳು ಏನಂತೈತಿ?"

"ಮಂಗಳವಾರ ಬಿಟ್ಟು ಬ್ಯಾರೆ ದಿನದ ಅಂಕಿ ಪ್ರೋಗ್ರಾಂ ತಗೊಳ್ಳೂದಿಲ್ಲರಿ."

"ಅದು ತಗೊಳ್ಳೂದು ಬ್ಯಾಡ. ನೀವು ತಗೋರಿ. ಶನಿವಾರ ಬರತೇನಿ."

ಫರ್ಹಾನಾ ಆಗದು ಎನ್ನಬೇಕಾಗಿತ್ತು. "ಬೆಳಗಿನಿಂದ ಏನೂ ತಿನ್ನದ ಬರ್ರಿ," ಎಂದರು.

*

ಧಾರವಾಡದ ಮನೆಯಲ್ಲಿ ಇದ್ದವರು ಇಬ್ಬರೇ. ಇಂದುಮತಿ ಮತ್ತು ಅತ್ತೆ ನೀಲವ್ವ. ನೀಲವ್ವನ ಮಗ, ಇಂದುಮತಿಯ ಗಂಡ, ಬಸ್ ಅಪಘಾತದಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು. ನೆಂಟರು ಆಗ ನೀಲವ್ವನನ್ನು ಹಾವೇರಿಯ ಮಗಳ ಮನೆಗೆ ಕರೆದಿದ್ದರು. "ಸೊಸಿ ಅಲ್ಲೆ ಒಬ್ಬಾಕಿ ಬಿಸಿಲಾಗ ಸೀಟಿ ಊದಿ ಬಂದು ಖಾಲಿ ಮನಿ ಬೀಗ ತೆಗೀಬೇಕೇನು?" ಎಂದು ಮುದುಕಿ ಹೋಗಿರಲಿಲ್ಲ.

ಸೊಸೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಂತು. "ಏನಂದ್ರು?"

ಇಂದುಮತಿ ಮುಚ್ಚಿಡಲಿಲ್ಲ. ಈ ರೋಗದ ವಿಷಯದಲ್ಲಿ ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಮೊದಲ ಸಲ ಗಂಟು ಕೈಗೆ ಸಿಕ್ಕಾಗ ಇಂದುಮತಿ ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ. ಗೊತ್ತಾದಾಗ ನೀಲವ್ವ ಮೂರು ದಿನ ಮಾತು ಬಿಟ್ಟಿದ್ದಳು. ಆಮೇಲೆ ಮುಚ್ಚುಮರೆ ಇರಲಿಲ್ಲ.

"ಇನ್ನೊಂದು ಸಲ ಹೆಚ್ಚು ಬಂದ್ರ ಗುಳಿಗಿ ಕಸಗೊಂತಾರ, ಅತ್ತಿ."

ನೀಲವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. "ಕಸಗೋಳಾಕ ಅವರಪ್ಪನ ಗಂಟೇನು? ದ್ಯಾಮವ್ವ ಏನ್ ಕಣ್ಣು ಮುಚಗೊಂಡು ಕುಂತಾಳ? ಶ್ರಾವಣ ಹಿಡಿದಾಗಿಂದ ಮಂಗಳವಾರ ಮಂಗಳವಾರ ನಸುಕಿನ್ಯಾಗ ಎದ್ದು ಅಕಿ ಗುಡಿಗೆ ನಡಕೊಂತ ಹೋಗಿ ಬರತೇನಿ. ಐದು ವಾರ ಅಂತ ಬೇಡಕೊಂಡೇನಿ. ಇನ್ನ ಎರಡ ಆಗ್ಯಾವು."

"ನಿಮ್ಮ ಮೊಣಕಾಲು ನೋಡಕೋರಿ ಮೊದಲ."

"ನನ್ನ ಮೊಣಕಾಲಿಗೆ ಯಾವ ಕಾಳು ಹಾಕ್ಯಾರ? ಸುಮ್ಮ ಉಣ್ಣು."

*

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಂದುಮತಿ ನೇರ ಹುಬ್ಬಳ್ಳಿ ಬಸ್ ಹತ್ತಿದರು. ಫರ್ಹಾನಾ ಹೇಳಿದಂತೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಪ್ರಯೋಗಾಲಯದಲ್ಲಿ ಯಂತ್ರ ಹಿಡಿದಾಗ ಅಂಕಿ ಬಂತು: ಇಪ್ಪತ್ತೊಂದು.

ಫರ್ಹಾನಾ ಯಂತ್ರವನ್ನು ಒರೆಸಿ ಮತ್ತೆ ಹಿಡಿದರು. ಇಪ್ಪತ್ತು.

"ಇದು ಔಷಧಕ್ಕ ಬಗ್ಗದ ಗೆಡ್ಡಿ ಅಲ್ಲವೇ ಅಲ್ಲ," ಎಂದರು ನಿಧಾನವಾಗಿ. "ಬಗ್ಗದ ಗೆಡ್ಡಿ ಶನಿವಾರಾನೂ ಬಗ್ಗೂದಿಲ್ಲ. ಮಂಗಳವಾರ ಅಷ್ಟ ಏನೋ ಆಗತೈತಿ. ಮಂಗಳವಾರಾನೂ ಏನೂ ತಿನ್ನದ ಬಂದಿದ್ರಿ, ಹೌದಲ್ರಿ?"

"ಹನಿ ಚಹಾ ಸೈತ ಕುಡದಿಲ್ಲ."

"ಆದ್ರ ರಕ್ತದಾಗ ಸಕ್ಕರಿ ಜಾಸ್ತಿ ಇತ್ತು. ಇವತ್ತು ಇಲ್ಲ." ಫರ್ಹಾನಾ ಹಳೆಯ ವರದಿಯನ್ನು ಪರದೆಯ ಮೇಲೆ ತೆರೆದರು. "ಈ ಗುಳಿಗಿ ಸಕ್ಕರಿ ಏರಸತೈತಿ, ಅದು ಗೊತ್ತಿದ್ದದ್ದ. ಅದಕ್ಕ ನಾ ಅದನ್ನ ಲೆಕ್ಕಕ್ಕ ತಗೋಲಿಲ್ಲ."

ಕಾರಣ ಆ ಕೊಂಡಿಯಲ್ಲೇ ಇತ್ತು. ಪಿಐ3ಕೆ ಗೆಡ್ಡೆಯ ಸ್ವಂತ ಆಸ್ತಿಯಲ್ಲ. ಪಿತ್ತಜನಕಾಂಗ, ಸ್ನಾಯುಗಳೆಲ್ಲ ಇನ್ಸುಲಿನ್‌ನ ಸಂದೇಶ ಕೇಳಿ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುವುದು ಇದೇ ಕೊಂಡಿಯಿಂದ. ಗುಳಿಗೆ ಅಲ್ಲಿಯೂ ಬಾಗಿಲು ಹಾಕುತ್ತದೆ. ಆಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ದೇಹ ಗಾಬರಿಯಾಗಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ನಿನ ನೂಕುನುಗ್ಗಲು ಗೆಡ್ಡೆಯ ಬಾಗಿಲ ಮುಂದೂ ನಡೆಯುತ್ತದೆ, ಗುಳಿಗೆ ಹಾಕಿದ ಅಗಳಿಯನ್ನು ಸಡಿಲಿಸುತ್ತದೆ. ಅದಕ್ಕೆಂದೇ ಪ್ರಯೋಗಕ್ಕೆ ಸೇರಿದ ಎಲ್ಲರಿಗೂ ಸಿಹಿ ಮುಟ್ಟಬಾರದೆಂದು ಹೇಳಿತ್ತು. ಇಂದುಮತಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

"ಮಂಗಳವಾರ ಎದ್ದಾಗಿಂದ ಇಲ್ಲಿ ಬರೂತನಕ ಏನೇನ್ ಮಾಡತೀರಿ, ಎಲ್ಲಾ ಹೇಳ್ರಿ."

"ಏಳತೇನಿ. ಜಳಕ ಮಾಡತೇನಿ. ಅತ್ತಿ ಗುಡಿಯಿಂದ ಬಂದಿರತಾರ. ಪ್ರಸಾದ ತಗೊಂಡು ಬಸ್ ಹತ್ತತೇನಿ."

"ಯಾವ ಪ್ರಸಾದ?"

"ಮಾದಲಿ." ಇಂದುಮತಿಗೆ ಇನ್ನೂ ಹೊಳೆದಿರಲಿಲ್ಲ. "ದ್ಯಾಮವ್ವಗ ನೈವೇದ್ಯ ಹಿಡಿದಿರತಾರ. ಶುಭ ಆಗಲಿ ಅಂತ ಹೊರಡೂಮುಂದ ಒಂದು ಮುಷ್ಟಿ ಬಾಯಾಗ ಹಾಕತಾರ. ಮ್ಯಾಲ ಬಾಳಿಹಣ್ಣು."

ಮಾದಲಿ ಎಂದರೆ ಗೋಧಿ ಚಪಾತಿಯನ್ನು ಪುಡಿ ಮಾಡಿ, ಬೆಲ್ಲ ಬೆರೆಸಿ, ತುಪ್ಪ ಹಾಕಿ ಕಲಸಿದ್ದು. ಫರ್ಹಾನಾ ಸಕ್ಕರೆಯ ವರದಿಯತ್ತ ಮತ್ತೊಮ್ಮೆ ನೋಡಿದರು.

"ತಿಂದೀರೇನು ಅಂತ ಕೇಳಿದ್ರ ಇಲ್ಲ ಅಂದ್ರೆಲ್ಲಾ," ಎಂದರು ಫರ್ಹಾನಾ.

"ಪ್ರಸಾದಕ್ಕ ತಿಂದೆ ಅಂತ ಯಾರಂತಾರ್ರಿ?"

"ಯಾರೂ ಅನ್ನೂದಿಲ್ಲ." ಫರ್ಹಾನಾ ಕುರ್ಚಿಗೆ ಒರಗಿದರು. "ನಮ್ಮ ಅಜ್ಜಿಗೆ ಸಕ್ಕರಿ ಕಾಯಿಲೆ ಇತ್ತು. ರಕ್ತ ತಪಾಸಣೆಗೆ ಹೋಗೂ ದಿನ ದರ್ಗಾದ ಮಲೀದಾ ಬಾಯಾಗ ಹಾಕ್ಕೊಂಡ ಹೊರಡತಿದ್ಲು. ಅದೂ ಇದೂ ಏನ್ ಫರಕ್ಕು, ಅದೂ ಚಪಾತಿ ಬೆಲ್ಲಾನ. ನಾನೂ ತಿನಕೊಂತ ಬೆಳದಾಕಿ. ನಾಲ್ಕು ತಿಂಗಳು ಜೀನ್ ಹುಡುಕೇನಿ ನೋಡ್ರಿ."

"ಹಂಗಾರ ಸಕ್ಕರಿ ತಿಂದ್ರ ಕ್ಯಾನ್ಸರ್ ಬೆಳೀತೈತಿ ಅಂತ ಮಂದಿ ಅನ್ನೂದು ಖರೇ?"

"ಅಲ್ಲ. ಮಂದಿಗೆ ಹಂಗ ಹೇಳಬ್ಯಾಡ್ರಿ. ಇದು ಈ ಒಂದು ಗುಳಿಗಿಯ ಸಮಸ್ಯಾ." ಫರ್ಹಾನಾ ದನಿ ತಗ್ಗಿಸಿದರು. "ಈ ಮಂಗಳವಾರ ಪ್ರಸಾದ ಬಿಟ್ಟು ಬರ್ರಿ. ಅಂಕಿ ಇಳೀತೈತಿ. ನೀವು ಉಳೀತೀರಿ."

"ಹೊರಗ ಹಾಕಿದವರು?"

"ಒಂಬತ್ತು ಮಂದಿ. ಅವರ ಮನ್ಯಾಗ ಏನ್ ಕೊಡತಿದ್ರೋ, ಮೊಸರು-ಸಕ್ಕರಿನೋ, ಪಂಚಾಮೃತಾನೋ. ನಾ ಸಮಿತಿಗೆ ಬರೀತೇನಿ. ಬ್ಯಾರೆ ದಿನದ ಅಂಕಿ ಅವರು ಒಪ್ಪೂದಿಲ್ಲ, ಪುರಾವೆ ಕೇಳತಾರ. ಆರು ತಿಂಗಳರ ಹಿಡೀತೈತಿ."

"ಸಾವಂತ್ರವ್ವನ ಕಡೆ ಆರು ತಿಂಗಳು ಅದಾವೇನು?"

ಫರ್ಹಾನಾ ಪರದೆಯ ಮೇಲಿನ ವರದಿ ಮುಚ್ಚಿದರು.

"ಮಂಗಳವಾರದ ಅಂಕಿ ಒಪ್ಪತಾರಲ್ಲ," ಎಂದರು ಇಂದುಮತಿ. "ಹಂಗಾರ ಮಂಗಳವಾರಾನ ತೋರಸೂಣು. ಖಾಲಿ ಹೊಟ್ಟಿಲೆ ಒಂದು ಅಳತಿ. ಅವರ ಕಣ್ಣ ಮುಂದ ಪ್ರಸಾದ ತಿಂದು ಇನ್ನೊಂದು."

"ಒಂದು ದಿನದಾಗ ಎರಡು ಅಂಕಿ ಬಂದ್ರ ಪ್ರೋಗ್ರಾಂ ಹೆಚ್ಚಿಂದು ಹಿಡೀತೈತ್ರಿ. ಅದು ನಿಮ್ಮ ಮೂರನೇದು ಆಗತೈತಿ. ಆ ಕ್ಷಣ ನೀವು ಹೊರಗ. ತಡಿಯೂ ಅಧಿಕಾರ ಸಮಿತಿ ಮುಖ್ಯಸ್ಥರೊಬ್ಬರಿಗೆ ಐತಿ."

"ಗೊತ್ತಾತು."

*

ಮನೆಯಲ್ಲಿ ವಿಷಯ ಹೇಳಿದಾಗ ನೀಲವ್ವ ಕಾಳು ಆರಿಸುತ್ತಿದ್ದಳು. ಕೈ ನಿಂತಿತು. ತಾನು ಕೈಯಾರೆ ಕೊಟ್ಟದ್ದರಿಂದಲೇ ಹೀಗಾಯಿತೆಂದು ಅರ್ಥವಾಗಿತ್ತು. ಮೊರವನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಮಗ ಹೋದ. ನಿನ್ನ ನಾನ ಕಳಸತಿದ್ನೇನ, ಇಂದೂ?"

"ಹಂಗೆಲ್ಲಾ ಅನಬ್ಯಾಡ್ರಿ. ನಿಮಗೇನ್ ಗೊತ್ತಿತ್ತು? ಓದಿದ ನನಗ ಹೊಳೀಲಿಲ್ಲ, ಡಾಕ್ಟರಿಗೆ ಹೊಳೀಲಿಲ್ಲ."

"ಮತ್ತ ಅವರ ಮುಂದ ತಿಂದು ತೋರಸತೀ ಅಂತೀಯಲ್ಲ, ಗುಳಿಗಿ ಹೋತಂದ್ರ?"

"ಸುಮ್ಮನಿದ್ರ ನಾ ಒಬ್ಬಾಕಿ ಉಳೀತೇನಿ. ಮುಂದ ಬರೋ ಹತ್ತು ಮಂದಿನ್ನ ಹಿಂಗ ಹೊರಗ ಹಾಕಿ, ಈ ಕಡೆ ಹೆಂಗಸರ ರಕ್ತಾನ ಕೆಟ್ಟದ್ದು ಅಂತ ಬರಕೊಂತಾರ. ಬರಿಯಾಕ ಬಿಡೂದಿಲ್ಲ ನಾ."

ನೀಲವ್ವ ಸೊಸೆಯನ್ನು ದಿಟ್ಟಿಸಿ ನೋಡಿದಳು. ಕೊನೆಗೆ ಮೊರ ಎಳೆದುಕೊಂಡು, "ಮಾದಲಿ ನೀ ಕಟಗೊಂಡು ಹೋಗೂದು ಬ್ಯಾಡ," ಎಂದಳು. "ನಾ ಬರತೇನಿ. ಕೊಟ್ಟಾಕಿ ನಾನು."

*

ಮಂಗಳವಾರ ಅಳತೆಯ ಕೋಣೆಯಲ್ಲಿ ಬೆಂಗಳೂರಿನ ಸಮಿತಿಯ ಮುಖ್ಯಸ್ಥ ಡಾಕ್ಟರ್ ಶ್ರೀವತ್ಸ ಪರದೆಯ ಮೇಲಿದ್ದರು. ಅವರನ್ನು ಕೂರಿಸಲು ಫರ್ಹಾನಾ ಎರಡು ದಿನ ಫೋನ್ ಮಾಡಿದ್ದರು. ಮೊದಲ ಅಂಕಿ ಹತ್ತೊಂಬತ್ತು.

"ಒಳ್ಳೆಯ ಅಂಕಿ," ಎಂದರು ಶ್ರೀವತ್ಸ. "ಮೇಡಮ್, ಇಲ್ಲಿಗೇ ನಿಲ್ಲಿಸಿದರೆ ನೀವು ಪ್ರಯೋಗದಲ್ಲಿ ಮುಂದುವರಿಯುತ್ತೀರಿ. ಉಳಿದದ್ದನ್ನು ಸಮಿತಿ ಪರಿಶೀಲಿಸುತ್ತದೆ. ಎರಡನೆಯ ಅಳತೆ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ."

"ನೀವು ಹೇಳಬ್ಯಾಡ್ರಿ ಸರ್. ನಾ ಹೇಳಾಕತ್ತೇನಿ. ಅತ್ತಿ, ಹಾಕ್ರಿ."

ನೀಲವ್ವ ಡಬ್ಬಿ ತೆರೆದಳು. ಮುಷ್ಟಿ ತುಂಬಿಕೊಂಡ ಕೈ ಅರ್ಧಕ್ಕೆ ಬಂದು ನಿಂತಿತು. ಬೆರಳ ಸಂದಿಯಿಂದ ಮಾದಲಿ ಉದುರಿತು. "ನನ್ನ ಕೈಲೆ ಆಗೂದಿಲ್ಲ, ಯವ್ವಾ. ಗೊತ್ತಾದ ಮ್ಯಾಲೂ ಹ್ಯಾಂಗ ಹಾಕಲಿ?"

"ಯಾವಾಗಿನಂಗ ಹಾಕ್ರಿ. ಕಡಿಮಿ ಬ್ಯಾಡ, ಹೆಚ್ಚೂ ಬ್ಯಾಡ. ಹೋದ ವಾರ ಎಷ್ಟು ಹಾಕಿದ್ರಿ ಅಷ್ಟ."

ಹಾಕಿದಳು. ಇಂದುಮತಿ ಅಗಿದು ನುಂಗಿ, ಬಾಳೆಹಣ್ಣು ತಿಂದು, ಧಾರವಾಡದಿಂದ ಬಸ್ಸಿನಲ್ಲಿ ಬರುವಷ್ಟು ಹೊತ್ತು ಕುರ್ಚಿಯ ಮೇಲೆ ಕೂತರು. ನರ್ಸು ರಕ್ತ ತೆಗೆದಳು. ಫರ್ಹಾನಾ ಯಂತ್ರ ಹಿಡಿದರು.

ಅರವತ್ತೆರಡು.

ಪ್ರೋಗ್ರಾಂ ಕಾಯಲಿಲ್ಲ. ಪರದೆಯ ಮೂಲೆಯಲ್ಲಿ ಸಾಲು ಮೂಡಿತು: ಸತತ ಮೂರನೆಯ ಬಾರಿ ಮಿತಿ ಮೀರಿದೆ. ರೋಗಿಯನ್ನು ಕೈಬಿಡಲಾಗಿದೆ.

ನರ್ಸು ಅಭ್ಯಾಸಬಲದಿಂದ ತಟ್ಟೆ ಹಿಡಿದು ಮುಂದೆ ಬಂದಳು. ಇಂದುಮತಿ ಗುಳಿಗೆ ಡಬ್ಬಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೇಲೆ ಎರಡೂ ಕೈ ಇಟ್ಟರು. "ತಟ್ಟಿ ಒಳಗಿಡು, ತಂಗಿ. ನಾ ಕೊಡೂದಿಲ್ಲ."

"ನಾನೂ ಇಸಗೊಳ್ಳೂದಿಲ್ಲ," ಎಂದರು ಫರ್ಹಾನಾ. "ಸರ್, ಎರಡೂ ಮಂಗಳವಾರದ ಅಂಕಿ. ಎರಡೂ ನಿಮ್ಮ ದಾಖಲೆಯೊಳಗ ಅದಾವು. ಇನ್ಸುಲಿನ್ ವರದಿ ಮಧ್ಯಾಹ್ನ ಬರತೈತಿ. ಈಗ ನೀವು ಹೇಳ್ರಿ, ಈ ಗೆಡ್ಡಿ ಔಷಧಕ್ಕ ಬಗ್ಗತೈತೋ ಇಲ್ಲೋ?"

ಶ್ರೀವತ್ಸ ಕನ್ನಡಕ ತೆಗೆದರು. ಹತ್ತೊಂಬತ್ತು, ಅರವತ್ತೆರಡು. "ಒಂದು ಗಂಟೆಯಲ್ಲಿ ಯಾವ ಗೆಡ್ಡೆಯೂ ಔಷಧಕ್ಕೆ ಬಗ್ಗದಂತಾಗಲಾರದು," ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ಕೇಳಿದರು, "ಅಜ್ಜಿ, ಇದಕ್ಕೆ ಬೆಲ್ಲ ಎಷ್ಟು ಹಾಕುತ್ತೀರಿ?"

"ದೇವರ ಮುಂದ ತಕ್ಕಡಿ ಇಡತಾರೇನಪ್ಪಾ?" ಎಂದಳು ನೀಲವ್ವ. "ಮನಸಿಗೆ ಬಂದಷ್ಟು ಹಾಕತೇನಿ. ಹೋದ ವಾರಕ್ಕಿಂತ ಈ ವಾರ ಜಾಸ್ತಿ ಹಾಕೂದಿತ್ತು. ನಿಮ್ಮ ಅಳತಿ ಕೆಡತೈತಿ ಅಂತ ಹಾಕಿಲ್ಲ."

ಪ್ರೋಗ್ರಾಂ ಅನ್ನು ತಡೆಹಿಡಿಯುವ ಅಧಿಕಾರ ಮುಖ್ಯಸ್ಥರಿಗೆ ಇತ್ತು. ಪ್ರಯೋಗ ಶುರುವಾದಾಗಿನಿಂದ ಯಾರೂ ಅದನ್ನು ಬಳಸಿರಲಿಲ್ಲ. ಬಳಸಿದವರು ಪ್ರಾಯೋಜಕರಿಗೂ ನೈತಿಕ ಸಮಿತಿಗೂ ಉತ್ತರ ಹೇಳಬೇಕಿತ್ತು. ಶ್ರೀವತ್ಸ ಅದನ್ನು ಒಮ್ಮೆ ಗಟ್ಟಿಯಾಗಿಯೇ ಹೇಳಿಕೊಂಡರು. ಆಮೇಲೆ ಹುಬ್ಬಳ್ಳಿ ಕೇಂದ್ರದ ಎಲ್ಲ ಕೈಬಿಡುವಿಕೆಗಳನ್ನೂ ತಡೆಹಿಡಿದರು. ಹಿಂದೆ ಕೈಬಿಟ್ಟ ಒಂಬತ್ತು ಮಂದಿಯಲ್ಲಿ ಬದುಕಿರುವವರನ್ನೆಲ್ಲ ಕರೆಸಿ, ಗುಳಿಗೆಯನ್ನು ಮತ್ತೆ ಶುರುಮಾಡಿ, ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಎರಡು ದಿನ ಅಳೆಯಬೇಕೆಂದರು. ಪ್ರಾದೇಶಿಕ ಜೀನ್ ಕುರಿತ ಲೇಖನ ಸದ್ಯಕ್ಕೆ ಹೋಗುವುದಿಲ್ಲ ಎಂದೂ ಸೇರಿಸಿದರು.

ಪರದೆ ಆರಿದ ಮೇಲೆ ಫರ್ಹಾನಾ ಇಂದುಮತಿಯ ಎದುರು ಕೂತರು. "ಒಂದು ಖರೇ ಮಾತು ಹೇಳತೇನ್ರಿ. ನೀವು ಉಳದ್ರಿ ಅಂದ್ರ ವಾಸಿ ಆತು ಅಂತ ಅಲ್ಲ. ಈ ಗುಳಿಗಿಗೆ ಒಂದು ದಿನ ಗೆಡ್ಡಿ ಖರೇನ ಬಗ್ಗೂದು ಬಿಡಬಹುದು. ಬ್ಯಾರೆ ದಾರಿ ಹುಡುಕೂದು ಅದರ ಗುಣ."

"ಹುಡುಕಲಿ. ಅದಕ್ಕೊಂದ ಹುಡುಕಾಕ ಬರತೈತೇನು?"

ಫರ್ಹಾನಾ ಫೋನ್ ಎತ್ತಿಕೊಂಡು ನವಲಗುಂದಕ್ಕೆ ಕರೆ ಮಾಡಿದರು. ಸಾವಂತ್ರವ್ವನೇ ಎತ್ತಿದಳು. ದನಿ ಸಣ್ಣಗಾಗಿತ್ತು. ಆಸ್ಪತ್ರೆಗೆ ಬರುವ ದಿನ ಬೆಳಿಗ್ಗೆ ಏನಾದರೂ ತಿನ್ನುತ್ತಿದ್ದಿರಾ ಎಂಬ ಪ್ರಶ್ನೆಗೆ, "ಇಲ್ರೆವಾ, ದೇವರಾಣಿ ಏನೂ ತಿಂದಿಲ್ಲ," ಎಂದಳು.

ನೀಲವ್ವ ಕೈ ಚಾಚಿದಳು. "ಅಕಿನ್ನ ಕೇಳಬ್ಯಾಡ್ರಿ. ಅಕಿ ತಿಂದಿಲ್ಲಂತನ ಹೇಳತಾಳ. ಕೊಟ್ಟಾಕಿನ್ನ ಕೇಳಬೇಕು. ಇತ್ತ ಕೊಡ್ರಿ." ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಳು. "ಸಾವಂತ್ರಿ, ನಿಮ್ಮ ಮನ್ಯಾಗ ಹಿರೇ ಮನಷ್ಯಾಳು ಯಾರವ್ವ? ನಿಮ್ಮವ್ವೇನು? ಫೋನ್ ಕೊಡು ಅಕಿಗೆ."

ಅತ್ತ ಕಡೆ ಯಾರೋ ಎಳೆಯುವ ಹೆಜ್ಜೆಯಲ್ಲಿ ಬಂದು ಫೋನ್ ತೆಗೆದುಕೊಂಡದ್ದು ಕೇಳಿಸಿತು.

"ನಾ ಧಾರವಾಡದ ನೀಲವ್ವ. ನನ್ನ ಸೊಸಿದೂ ನಿನ್ನ ಮಗಳದೂ ಒಂದ ಬ್ಯಾನಿ. ದವಾಖಾನಿಗೆ ಹೊರಡೂ ದಿನ ಮಗಳ ಬಾಯಾಗ ಏನ್ ಹಾಕಿ ಕಳಸತಿದ್ದಿ, ಖರೇ ಹೇಳು." ಸ್ವಲ್ಪ ಹೊತ್ತು ಕೇಳಿದಳು. "ಹ್ಞೂಂ. ಹ್ಞೂಂ. ಅಳಬ್ಯಾಡ. ನಾನೂ ಹಾಕೇನಿ. ಈಗ ಅತ್ತಕೊಂತ ಕುಂದರೂ ಹೊತ್ತಲ್ಲ. ನಾಳಿನ ಬಸ್ಸಿಗೆ ಮಗಳನ್ನ ಕರಕೊಂಡು ಬಾ. ಬಾಯಾಗ ಒಂದು ಕಾಳು ಹಾಕಬ್ಯಾಡ, ದೇವರ ಬಂದು ಕೊಟ್ಟರೂ ಬ್ಯಾಡ ಅನ್ನು." ಮತ್ತೆ ಕೇಳಿದಳು. ತೆರೆದೇ ಇದ್ದ ಡಬ್ಬಿಯನ್ನು ಇನ್ನೊಂದು ಕೈಯಿಂದ ಹತ್ತಿರ ಎಳೆದುಕೊಂಡಳು.

"ಪ್ರಸಾದ ಕಟಗೊಂಡು ಬಾ. ಬಿಡಬ್ಯಾಡ. ನಾವಿಬ್ಬರು ಮುದುಕ್ಯಾರು ತಿನ್ನೂಣು."